ಮೊಗ್ರಾಲಿನಿಂದ ಗಲ್ಫಿಗೆ: ಹೊರಡುವ ಮುನ್ನ ಓದಬೇಕಾದ ಕಾಗದ

ಕುಂಬಳೆಗೂ ಕಾಸರಗೋಡಿಗೂ ನಡುವೆ, ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲಗಳಲ್ಲಿ ಹಬ್ಬಿರುವ ಊರು ಮೊಗ್ರಾಲ್. ಮಧೂರಿನ ಮಧುವಾಹಿನಿಯ ನೀರನ್ನೂ ಕೂಡಿಕೊಂಡ ಮೊಗ್ರಾಲ್ ಹೊಳೆ ಇಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮಾಪಿಳ್ಳೆ ಹಾಡುಗಳ ಪರಂಪರೆಯಿಂದ ‘ಇಶಲ್ ಗ್ರಾಮ’ವೆಂದೂ, ಕಾಲ್ಚೆಂಡಾಟದ ಊರೆಂದೂ ಇದು ಹೆಸರು ಪಡೆದಿದೆ. ಮಲಯಾಳ, ತುಳು, ಕನ್ನಡ ಮೂರೂ ಕೇಳಿಬರುವ ಈ ಕರಾವಳಿಗೆ ಕಡಲಾಚೆಯ ದುಡಿಮೆ ಹೊಸದಲ್ಲ. ಹಿಂದಿನ ತಲೆಮಾರು ಮುಂಬಯಿಯ ದಾರಿ ಹಿಡಿದು ಗಲ್ಫ್ ಸೇರಿತು. ಇಂದಿನವರು ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನವೇರುತ್ತಾರೆ.

ಈ ಪಯಣವನ್ನು ಬೆಳೆಸಿದ್ದು ನಂಬಿಕೆ. ಮೊದಲು ಹೋದವನು ತಮ್ಮನನ್ನು ಕರೆಸಿಕೊಂಡ. ತಮ್ಮ ಭಾವನನ್ನು, ಭಾವ ನೆರೆಮನೆಯವನನ್ನು. ವಂಚನೆಯೂ ಇಂದು ಇದೇ ನಂಬಿಕೆಯ ವೇಷದಲ್ಲಿ ಬರುತ್ತದೆ. ‘ನಮ್ಮವರೇ, ವೀಸಾ ಕೊಡಿಸುತ್ತಾರೆ’ ಎಂಬ ಮಾತಿನ ಮೇಲೆ ತಾಯಿಯ ಬಳೆ ಅಡವಿಗೆ ಹೋಗುತ್ತದೆ. ಕಾಗದ ಇಂಗ್ಲಿಷಿನಲ್ಲೋ ಅರಬಿಯಲ್ಲೋ ಇರುವುದರಿಂದ ಯಾರೂ ಅದನ್ನು ಪೂರ್ತಿ ಓದುವುದಿಲ್ಲ.

ಓದಬೇಕಾದ ಮೊದಲ ಪದ ವೀಸಾದ ಬಗೆ. ಭೇಟಿ ವೀಸಾದಲ್ಲಿ ದುಡಿಯುವುದಕ್ಕೆ ಕಾನೂನಿನ ಅನುಮತಿಯಿಲ್ಲ. ‘ಅಲ್ಲಿಗೆ ಹೋದ ಮೇಲೆ ಬದಲಿಸೋಣ’ ಎಂಬ ಭರವಸೆ ತಪ್ಪಿದರೆ, ಸಂಬಳ ಕೇಳುವ ಹಕ್ಕೂ ದುರ್ಬಲವಾಗುತ್ತದೆ. 1983ರ ವಲಸೆ ಕಾಯಿದೆಯಂತೆ ನೋಂದಣಿಯಿಲ್ಲದವರು ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವಂತಿಲ್ಲ. ಉಪ ಏಜೆಂಟರಿಗೆ ಅದರಲ್ಲಿ ಸ್ಥಾನವೇ ಇಲ್ಲ. ನೋಂದಾಯಿತ ಏಜೆಂಟರ ಹೆಸರು ಕೇಂದ್ರ ಸರಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಸಿಗುತ್ತದೆ. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಲೇಬೇಕು. ಲಕ್ಷಗಳನ್ನು ನಗದಾಗಿ ಕೇಳುವವನ ಮುಂದೆ ಈ ಒಂದು ಅಂಕಿಯೇ ಸಾಕು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂಥವರು ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವ ಮುನ್ನ ವಲಸೆ ಅನುಮತಿ ಪಡೆಯಬೇಕು. ಭೇಟಿ ವೀಸಾದ ಕಳ್ಳದಾರಿ ಕಸಿದುಕೊಳ್ಳುವುದು ಈ ರಕ್ಷಣೆಯನ್ನೇ. ಕನ್ನಡ ಶಾಲೆಯ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೆ ಇಷ್ಟು ಬೆಲೆಯಿದೆಯೆಂಬುದು ಮಕ್ಕಳಿಗೂ ತಿಳಿದಿರಲಿ.

ವಿಮಾನ ನಿಲ್ದಾಣದ ದಾರಿಯಲ್ಲಿ ಕಾದಿರುವ ಇನ್ನೊಂದು ಅಪಾಯ ಪೊಟ್ಟಣ. ಉಪ್ಪಿನಕಾಯಿ, ಹಲ್ವ, ಔಷಧಿ ಎಂದು ಕೊಟ್ಟದ್ದರೊಳಗೆ ಮಾದಕವಸ್ತು ಸಿಕ್ಕರೆ ಹೊಣೆ ಹೊತ್ತವನದೇ. ಟ್ರಮಡಾಲ್‌ನಂಥ ನೋವಿನ ಗುಳಿಗೆಯೂ ಯುಎಇಯಲ್ಲಿ ನಿಯಂತ್ರಿತ ವಸ್ತು. ತಾನೇ ಕಟ್ಟದ ಪೊಟ್ಟಣವನ್ನು ಒಯ್ಯಲಾರೆನೆನ್ನುವುದು ಮರ್ಯಾದೆಗೇಡಲ್ಲ. ಅಲ್ಲಿ ನೆಲೆಸಿದ ಮೇಲೂ ತನ್ನ ಸಿಮ್, ಬ್ಯಾಂಕ್ ಖಾತೆ, ಒಟಿಪಿಗಳನ್ನು ಗೆಳೆಯನಿಗೂ ಒಪ್ಪಿಸಬಾರದು. ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ಭಾರತೀಯ ತರುಣರನ್ನು ಕೂಡಿಹಾಕಿ, ಅವರಿಂದಲೇ ಇತರರನ್ನು ವಂಚಿಸಿದ ಪ್ರಕರಣಗಳು ನಡೆದಿವೆ. 2022ರ ಸೆಪ್ಟೆಂಬರಿನಲ್ಲೇ ವಿದೇಶಾಂಗ ಸಚಿವಾಲಯ ಇಂಥ ಆಮಿಷದ ಬಗ್ಗೆ ಎಚ್ಚರಿಸಿತ್ತು.

ಮೋಸಹೋದ ಮನೆ ಮೌನವಾಗುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ‘ಊರಿನವರು ನಕ್ಕಾರು’ ಎಂಬ ಅಂಜಿಕೆ, ಕೈಯೊಡ್ಡಿದವನು ಸಂಬಂಧಿಯೆಂಬ ದಾಕ್ಷಿಣ್ಯ ಎರಡೂ ಬಾಯಿ ಕಟ್ಟುತ್ತವೆ. ಅದೇ ವ್ಯಕ್ತಿ ಮುಂದಿನ ಮನೆಯ ಬಾಗಿಲು ತಟ್ಟುತ್ತಾನೆ. ಆನ್‌ಲೈನ್ ಹಣದ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಉದ್ಯೋಗದ ಮೋಸಕ್ಕೆ ಪೊಲೀಸ್ ಠಾಣೆಯೂ ಕೇರಳ ಸರಕಾರದ ನೋರ್ಕ ರೂಟ್ಸ್ ಸಂಸ್ಥೆಯೂ ಇವೆ. ನೋರ್ಕದ ಉಚಿತ ಕರೆ ಸಂಖ್ಯೆ 1800 425 3939. ವಿದೇಶದಲ್ಲಿರುವವರು ಭಾರತೀಯ ರಾಯಭಾರ ಕಚೇರಿಗೆ ಅಥವಾ ‘ಮದದ್’ ಜಾಲತಾಣದಲ್ಲಿ ದೂರು ಕೊಡಬಹುದು. ವೀಸಾದ ಪ್ರತಿ, ರಸೀದಿ, ಮೊಬೈಲ್ ಸಂದೇಶ ಯಾವುದನ್ನೂ ಅಳಿಸಬಾರದು.

ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಕಾಗಿಲ್ಲ. ಕಾಸರಗೋಡಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಕಾಲದಿಂದ ಬಂದದ್ದು. ದಿನಾಂಕ, ಕೊಟ್ಟ ಹಣ, ಪಡೆದವನ ಹೆಸರು, ಆಡಿದ ಭರವಸೆ ಇವನ್ನು ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಬರೆಯಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ದೂರು ಅಲ್ಲಿಂದಲೇ ಆರಂಭವಾಗಬಹುದು.