ಮೂವತ್ತಾರು ಕಡ್ಡಿ

ತಂಗಿ ಬಿದ್ದಳು ಎಂದು ಫೋನು ಬಂದಾಗ ಅಣ್ಣ ಪುಣೆಯ ಆಫೀಸಿನಲ್ಲಿ ಊಟಕ್ಕೆ ಕೂತಿದ್ದ. ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ವಿಜಯಪುರ ಮುಟ್ಟಿದರೆ, ಎಡಗೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಅವಳು ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದಳು. ಕೊರಳ ಬುಡದ ಎಲುಬು ಮುರಿದಿತ್ತು. ಮನೆಯ ಕಟ್ಟೆಗೆ ಒರಗಿಸಿಟ್ಟಿದ್ದ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಮೂರು ಕಡ್ಡಿ ತುಂಡಾಗಿದ್ದವು, ರಿಮ್ಮು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: "ಕಡ್ಡಿ ಭಾಳ ಬಿಗಿ ಮಾಡಿರ್ತಾರ, ಅದಕ್ಕ ಮುರದಾವ."

ವಿಜಯಪುರ, ಬಾಗಲಕೋಟೆ ಸೀಮೆಗೆ ಸೈಕಲ್ ರೇಸು ಹೊಸದಲ್ಲ. ಬಿಸಿಲಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಸಾಲಾಗಿ ಪೆಡಲು ತುಳಿಯುವ ಹುಡುಗ ಹುಡುಗಿಯರನ್ನು ಆ ಕಡೆ ಓಡಾಡಿದವರೆಲ್ಲ ನೋಡಿದ್ದಾರೆ. ಅಲ್ಲಿಂದ ರಾಷ್ಟ್ರಮಟ್ಟದ ಸ್ಪರ್ಧಿಗಳು ಬರುತ್ತಲೇ ಇದ್ದಾರೆ. ಹದಿನೇಳರ ತಂಗಿ ಓಡಿಸುತ್ತಿದ್ದದ್ದು ಮಾತ್ರ ಟ್ರ್ಯಾಕ್ ಸೈಕಲ್ಲು. ಅದಕ್ಕೆ ಬ್ರೇಕಿಲ್ಲ, ಬದಲಿಸುವ ಗೇರಿಲ್ಲ, ಫ್ರೀವೀಲ್ ಕೂಡ ಇಲ್ಲ. ಹಿಂದಿನ ಹಲ್ಲುಚಕ್ರ ಗಾಲಿಯನ್ನು ಕಚ್ಚಿಕೊಂಡೇ ಇರುತ್ತದೆ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಬೇಕು, ಪೆಡಲಿಗೆ ಪಟ್ಟಿ ಹಾಕಿ ಬಿಗಿದ ಕಾಲೂ ತಿರುಗಬೇಕು. ವೇಗ ಇಳಿಸಬೇಕೆಂದರೆ ಕಾಲಿನಿಂದಲೇ ಪೆಡಲನ್ನು ಎದುರಿಗೆ ಒತ್ತಿ ಹಿಡಿಯಬೇಕು. ಆ ದಿನ ಜೋರಾಗಿ ತುಳಿಯುತ್ತಿದ್ದಾಗ ಮೊದಲು ಒಂದು ಕಡ್ಡಿ ಹೋಯಿತು, ಅದರ ಹಿಂದೆಯೇ ಇನ್ನೆರಡು. ಸೊಟ್ಟಗಾದ ರಿಮ್ಮು ಫ್ರೇಮಿಗೆ ಸಿಕ್ಕಿಕೊಂಡಿತು. ಗಾಲಿ ನಿಂತಾಗ ಪೆಡಲೂ ನಿಂತಿತು, ಕಾಲೂ ನಿಂತಿತು. ಅವಳು ಮಾತ್ರ ನಿಲ್ಲಲಿಲ್ಲ.

ಅಣ್ಣ ಗಾಲಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಪುಣೆಗೆ ತಂದ. ಒಂದು ಕಾಲಕ್ಕೆ ಸೈಕಲ್ಲಿನ ಊರೆಂದೇ ಹೆಸರಾಗಿದ್ದ ಪುಣೆಯ ಪೇಠೆಗಳಲ್ಲಿ ಹಳೆಯ ಸೈಕಲ್ ಅಂಗಡಿಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥದ್ದೊಂದರಲ್ಲಿ ಅಕ್ಕಲಕೋಟೆ ಕಡೆಯ ಮುದುಕರೊಬ್ಬರು ಕೂರುತ್ತಾರೆ. ಗಿರಾಕಿಗಳೊಡನೆ ಮರಾಠಿ, ಊರ ಕಡೆಯವರು ಸಿಕ್ಕರೆ ಕನ್ನಡ. ಅಣ್ಣ ಅವರನ್ನು ಕಾಕಾ ಎನ್ನುತ್ತಾನೆ. ಕಾಕಾ ಗಾಲಿಯನ್ನು ಬೆಳಕಿಗೆ ಹಿಡಿದರು. ಮುರಿದ ಮೂರೂ ಕಡ್ಡಿಗಳು ಹಬ್ಬಿನ ತೂತಿನ ಹತ್ತಿರ, ಮೊಣಕೈಯಂತೆ ಬಾಗಿದ ಜಾಗದಲ್ಲೇ ತುಂಡಾಗಿದ್ದವು. ಉಳಿದ ಕಡ್ಡಿಗಳು ಒಂದನ್ನೊಂದು ದಾಟುವಲ್ಲಿ ಉಜ್ಜಿಕೊಂಡು ಹೊಳೆಯುತ್ತಿದ್ದವು. ರಿಮ್ಮಿನ ತೂತುಗಳ ಸುತ್ತ ಒಂದು ಬಿರುಕೂ ಇರಲಿಲ್ಲ.

"ಬಿಗಿ ಆಗಿದ್ರ ಮೊದ್ಲ ರಿಮ್ಮು ಸೀಳತಿತ್ತು ತಮ್ಮಾ. ಇದು ಸಡಲ ಇತ್ತು. ಸಡಲ ಇದ್ದಿದ್ದಕ್ಕ ಮುರದಾವ. ಯಾರ ಬೆಂಡ್ ತಗದವ್ರು?"

ಅಣ್ಣ ಉತ್ತರ ಕೊಡಲಿಲ್ಲ. ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ ಗಾಲಿ ಸ್ವಲ್ಪ ಓಲಾಡುತ್ತದೆ ಎಂದು ತಂಗಿ ಹೇಳಿದ್ದಳು. ನಿಪ್ಪಲ್ ಚಾವಿ ಹಿಡಿದು ಅಂಗಳದಲ್ಲಿ ಕೂತು ಬೆಂಡ್ ತೆಗೆದದ್ದು ಅವನೇ. ರಿಮ್ಮು ಎಡಕ್ಕೆ ವಾಲಿದ್ದರೆ ಎಡಗಡೆಯ ಕಡ್ಡಿ ಸಡಿಲಿಸಿದ್ದ, ಬಲಕ್ಕೆ ವಾಲಿದ್ದರೆ ಬಲಗಡೆಯದು. ಬಿಗಿ ಮಾಡಿದರೆ ಮುರಿಯುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದನಲ್ಲ. ಗಾಲಿ ನೇರವಾಗಿ ತಿರುಗಿತ್ತು, ತಂಗಿ ಖುಷಿಯಾಗಿದ್ದಳು.

ಸಡಿಲ ಕಡ್ಡಿ ಯಾಕೆ ಮುರಿಯುತ್ತದೆ ಎಂದು ತಿಳಿಯಬೇಕಾದರೆ ಬಂಡಿಯ ಗಾಲಿಯಿಂದ ಶುರು ಮಾಡಬೇಕು. ಎತ್ತಿನ ಬಂಡಿಯ ಮರದ ಅರಗಳು ದಪ್ಪ. ಭಾರ ಬಿದ್ದಾಗ ನೆಲದ ಕಡೆಯ ಅರ ಕಂಬದ ಹಾಗೆ ನಿಂತು ಅದನ್ನು ಹೊರುತ್ತದೆ. ಸೈಕಲ್ಲಿನ ಕಡ್ಡಿ 2 ಮಿಲಿಮೀಟರ್ ದಪ್ಪದ ತಂತಿ, ಬೆರಳಿನಿಂದ ಒತ್ತಿದರೆ ಬಾಗುತ್ತದೆ, ಕಂಬವಾಗಿ ನಿಲ್ಲಲಾರದು. ತಂತಿಯ ಬಲವಿರುವುದು ಎಳೆತದಲ್ಲಿ. ಹೀಗೆ ಎಳೆತದಲ್ಲೇ ನಿಲ್ಲುವ ಗಾಲಿಯ ಯೋಚನೆ ಇಂಗ್ಲೆಂಡಿನ ಜಾರ್ಜ್ ಕೇಲಿಗೆ 1808ರಲ್ಲಿ ಹೊಳೆದದ್ದು ಹಾರುವ ಯಂತ್ರಕ್ಕೆ ಹಗುರ ಗಾಲಿ ಬೇಕಾಗಿದ್ದರಿಂದ. ಕಡ್ಡಿಗಳನ್ನು ನಡುವಿನಿಂದ ನೇರ ಹೊರಡಿಸದೆ, ಹಬ್ಬಿನ ಅಂಚಿನಿಂದ ಓರೆಯಾಗಿ ಎಳೆದು ಒಂದರ ಮೇಲೊಂದು ದಾಟಿಸುವ ಪದ್ಧತಿಗೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಓರೆಯಾಗಿದ್ದರೆ ಮಾತ್ರ ಹಬ್ಬು ತಿರುಗಿದಾಗ ಕಡ್ಡಿ ರಿಮ್ಮನ್ನು ಜಗ್ಗಬಲ್ಲದು.

ಒಳ್ಳೆಯ ಗಾಲಿಯಲ್ಲಿ ಒಂದೊಂದು ಕಡ್ಡಿಯನ್ನೂ ಸುಮಾರು 100 ಕಿಲೋ ಭಾರ ನೇತುಹಾಕಿದಷ್ಟು ಎಳೆದಿರುತ್ತಾರೆ. 36 ಕಡ್ಡಿಗೆ 3,600 ಕಿಲೋ. ಅಷ್ಟನ್ನೂ ತಡೆದುಕೊಂಡಿರುವ ಅಲ್ಯೂಮಿನಿಯಂ ರಿಮ್ಮಿನ ತೂಕ ಅರ್ಧ ಕಿಲೋ ಆಸುಪಾಸು. ಸವಾರ ಹತ್ತಿ ಕೂತಾಗ ನೆಲದ ಹತ್ತಿರದ ನಾಲ್ಕಾರು ಕಡ್ಡಿಗಳ ಎಳೆತ ಸ್ವಲ್ಪ ಇಳಿಯುತ್ತದೆ, ಉಳಿದವುಗಳಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಸೈಕಲ್ ಗಾಲಿ ಭಾರ ಹೊರುವುದು ಹೀಗೆ, ಕೆಳಗಿನ ಕಡ್ಡಿಗಳ ಬಿಗಿ ತುಸು ಇಳಿಯುವ ಮೂಲಕ. ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಬರೆದ 'ದಿ ಬೈಸಿಕಲ್ ವೀಲ್' ಪುಸ್ತಕದ ಮುಖ್ಯ ವಾದವೇ ಇದು. ಬಿಗಿ ಸಾಕಷ್ಟಿದ್ದರೆ ಸ್ವಲ್ಪ ಇಳಿದರೂ ಉಳಿದಿರುತ್ತದೆ. ಮೊದಲೇ ಸಡಿಲವಿದ್ದರೆ ಪೂರ್ತಿ ಹೋಗುತ್ತದೆ, ಕಡ್ಡಿ ತನ್ನ ತೂತಿನಲ್ಲಿ ಅಲುಗಾಡುತ್ತದೆ. ಗಾಲಿಯ ಒಂದು ಸುತ್ತು ಸುಮಾರು 2.1 ಮೀಟರ್. ಅಂದರೆ ಕಿಲೋಮೀಟರಿಗೆ 475 ಸಲ ಪ್ರತಿ ಕಡ್ಡಿಯೂ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಬಾಗಿಸಿ ತುಂಡು ಮಾಡುವುದು ಮಕ್ಕಳಿಗೂ ಗೊತ್ತು. ಆ ಕೆಲಸವನ್ನು ದೀಪಾವಳಿಯಿಂದ ಬೇಸಿಗೆಯವರೆಗೆ ತಂಗಿ ತಾನೇ, ಅರಿಯದೆ, ತನ್ನ ಗಾಲಿಗೆ ಮಾಡಿದ್ದಳು.

ಹೊಸ ಗಾಲಿ ಕೊಳ್ಳಬಹುದಿತ್ತು. ಅಣ್ಣ ಹಬ್ಬು, ರಿಮ್ಮು, 36 ಕಡ್ಡಿ, 36 ನಿಪ್ಪಲ್ ಕೊಂಡ. ತಾನೇ ಕಟ್ಟುತ್ತೇನೆ ಎಂದ. ಕಾಕಾ ಬೇಡ ಎನ್ನಲಿಲ್ಲ. "ಮಾಡು. ನನ್ನ ಮುಂದ ಕುಂತು ಮಾಡು" ಅಂದರು.

ಕಡ್ಡಿ ಜೋಡಿಸುವುದಕ್ಕೆ ಕಾಕಾ ಬಳಸುವ ಮಾತು 'ಹೆಣೆಯೋದು'. ಹೊರಸು ಹೆಣೆಯುತ್ತಾರೆ, ಜಡೆ ಹೆಣೆಯುತ್ತಾರೆ, ಗಾಲಿಯನ್ನೂ ಹೆಣೆಯುತ್ತಾರೆ. ಹಬ್ಬಿನ ಎರಡೂ ಬದಿಯಲ್ಲಿ 18 ತೂತು. ಮೊದಲ ಕಡ್ಡಿ ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕದ ತೂತಿಗೆ ಹೋಗಬೇಕು. ಆಮೇಲೆ ಹಬ್ಬಿನಲ್ಲಿ ಒಂದು ತೂತು ಬಿಟ್ಟು ಇನ್ನೊಂದು, ರಿಮ್ಮಿನಲ್ಲಿ ಮೂರು ಬಿಟ್ಟು ನಾಲ್ಕನೆಯದು. ಹೀಗೆ ಒಂಬತ್ತು. ಗಾಲಿಯನ್ನು ಮಗುಚಿ ಇನ್ನೊಂದು ಬದಿಗೆ ಒಂಬತ್ತು. ಆಮೇಲೆ ಹಬ್ಬನ್ನು ತಿರುಚಿ, ಎದುರು ದಿಕ್ಕಿಗೆ ಒಂಬತ್ತು, ಮತ್ತೆ ಒಂಬತ್ತು. ಈ ಕೊನೆಯ ಹದಿನೆಂಟೂ ತಮ್ಮ ಬದಿಯ ಮೂರು ಮೂರು ಕಡ್ಡಿಗಳನ್ನು ದಾಟುತ್ತವೆ. ಎರಡನ್ನು ಹೊರಗಿನಿಂದ ದಾಟಿ ಮೂರನೆಯದರ ಒಳಗೆ ನುಸುಳಬೇಕು.

ಮೊದಲ ಸಲ ಅಣ್ಣ ಎರಡನೆಯ ಗುಂಪನ್ನು ಒಂದು ತೂತು ಆಚೆಗೆ ಹಾಕಿದ. ಹಾಕಿದಾಗ ಗೊತ್ತಾಗಲಿಲ್ಲ. ಮೂರನೆಯ ಗುಂಪೂ ಕೂತಿತು. ನಾಲ್ಕನೆಯದಕ್ಕೆ ಬಂದಾಗ ಕೆಲವು ಕಡ್ಡಿ ನಿಪ್ಪಲಿಗೆ ಎಟುಕಲಿಲ್ಲ, ಕೆಲವು ಉದ್ದವಾಗಿ ನಿಂತವು. ಕಾಕಾ ಎರಡನೆಯ ಗುಂಪಿನಲ್ಲೇ ನೋಡಿದ್ದರು. ಹೇಳಿರಲಿಲ್ಲ. "ಬಿಚ್ಚು" ಎಂದರು ಅಷ್ಟೆ. ಅಣ್ಣ ಎಲ್ಲವನ್ನೂ ಬಿಚ್ಚಿ ಮತ್ತೆ ವಾಲ್ವಿನ ಪಕ್ಕದಿಂದ ಶುರು ಮಾಡಿದ.

ಟ್ರ್ಯಾಕ್ ಗಾಲಿಗೆ ಒಂದು ಅನುಕೂಲವಿದೆ. ಗೇರಿನ ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿ ಬಲಗಡೆ ಹಲ್ಲುಚಕ್ರಗಳ ಗೊಂಚಲಿಗೆ ಜಾಗ ಬಿಡಬೇಕಾದ್ದರಿಂದ ಬಲಗಡೆಯ ಕಡ್ಡಿ ಹೆಚ್ಚು ಬಿಗಿ, ಎಡಗಡೆಯದು ಕಡಿಮೆ. ಟ್ರ್ಯಾಕ್ ಹಬ್ಬಿಗೆ ಒಂದೇ ಹಲ್ಲುಚಕ್ರ, ಹಾಗಾಗಿ ಎರಡೂ ಕಡೆ ಸಮ ಬಿಗಿ ಸಿಗುತ್ತದೆ. ಅದು ಬೇಕೂ ಬೇಕು. ಫ್ರೀವೀಲ್ ಇರುವ ಸೈಕಲ್ಲಿನಲ್ಲಿ ಕಾಲು ಗಾಲಿಯನ್ನು ಮುಂದಕ್ಕಷ್ಟೇ ಜಗ್ಗುತ್ತದೆ. ಇಲ್ಲಿ ತುಳಿದಾಗ ಅರ್ಧ ಕಡ್ಡಿಗಳು ಹೆಚ್ಚು ಜಗ್ಗಿಸಿಕೊಂಡರೆ, ಕಾಲು ತಡೆದು ಹಿಡಿದಾಗ ಎದುರು ದಿಕ್ಕಿನ ಅರ್ಧ ಜಗ್ಗಿಸಿಕೊಳ್ಳುತ್ತವೆ. ಕಾಲು ತಡೆದಾಗ ಹಲ್ಲುಚಕ್ರವೂ ಬಿಚ್ಚಿಕೊಳ್ಳಲು ನೋಡುತ್ತದೆ. ಅದಕ್ಕೇ ಅದರ ಹೊರಗೊಂದು ಬಳೆ, ಎಡಮುರಿ ಎಳೆಯದು. ಹಲ್ಲುಚಕ್ರ ಬಿಚ್ಚುವ ದಿಕ್ಕಿಗೆ ತಿರುಗಿದರೆ ಆ ಬಳೆ ಇನ್ನಷ್ಟು ಬಿಗಿಯುತ್ತದೆ.

ಹೆಣೆದದ್ದು ಒಂದು ಸಂಜೆ, ಬಿಗಿದದ್ದು ಮೂರು ಸಂಜೆ. ಕಾಕಾ ಅಂಗಡಿಯಲ್ಲಿ ಹಳೆಯ ಫೋರ್ಕೊಂದನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ, ಅದೇ ಸ್ಟ್ಯಾಂಡು. ಟ್ರ್ಯಾಕಿನ ಹಿಂದಿನ ಹಬ್ಬು ಅಗಲವಾದ್ದರಿಂದ ಫೋರ್ಕಿನ ಕಾಲುಗಳನ್ನು ಸ್ವಲ್ಪ ಅಗಲಿಸಿಕೊಟ್ಟರು. ಗಾಲಿ ತಿರುಗಿಸಿ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದರೆ ವಾಲಿದ ಕಡೆ ಮಾತ್ರ ಬಿಳಿ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಒಂದು ಬದಿ ಸಡಿಲಿಸಬಹುದು, ಇಲ್ಲವೇ ಎದುರು ಬದಿ ಬಿಗಿಯಬಹುದು. ಅಣ್ಣನ ಕೈ ತಾನಾಗಿ ಸಡಿಲಿಸುವ ಕಡೆಗೇ ಹೋಗುತ್ತಿತ್ತು. ಪ್ರತಿ ಸಲ ನಿಲ್ಲಿಸಿಕೊಂಡು ಎದುರು ಬದಿಗೆ ಕಾಲು ಸುತ್ತು ಬಿಗಿಯುತ್ತಿದ್ದ. ಬಿಗಿ ಹೆಚ್ಚಿದಂತೆ ನಿಪ್ಪಲಿನ ಜೊತೆ ಕಡ್ಡಿಯೂ ತಿರುಚಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮೊದಲ ಸವಾರಿಯಲ್ಲಿ ಟಿಣ್ ಟಿಣ್ ಎಂದು ಬಿಚ್ಚಿಕೊಂಡು ಗಾಲಿ ಮತ್ತೆ ವಾಲುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ತಿರುಗಿಸಿ ಅಷ್ಟೇ ಹಿಂದಕ್ಕೆ ತರಬೇಕು. ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಂಗೈಯಲ್ಲಿ ಬಲವಾಗಿ ಹಿಂಡಿ, ಬಾಗಿದ ಜಾಗಗಳು ಹಬ್ಬಿಗೆ ಒಗ್ಗುವಂತೆ ಮಾಡಬೇಕು. ಎರಡನೆಯ ಸಂಜೆಗೆ ಅಣ್ಣನ ಅಂಗೈ ಕೆಂಪಾಗಿತ್ತು.

ಕೊನೆಗೆ ಕಾಕಾ ಕಣ್ಣು ಮುಚ್ಚಿ ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿದರು. ಒಂದೇ ಉದ್ದ, ಒಂದೇ ದಪ್ಪದ ಕಡ್ಡಿಗಳು ಒಂದೇ ಬಿಗಿಯಲ್ಲಿದ್ದರೆ ಒಂದೇ ಸ್ವರ ಕೊಡುತ್ತವೆ. ತಂಬೂರಿಗೆ ಹೆಸರಾದ ಮಿರಜಿನಲ್ಲಿ ಚಿಕ್ಕಂದಿನಲ್ಲಿ ಕೆಲ ವರ್ಷ ಇದ್ದವರು ಅವರು. ಎರಡು ಕಡ್ಡಿ ತೋರಿಸಿ, "ಇವ ಬ್ಯಾರೆ ಹಾಡ್ತಾವ" ಎಂದರು. ಗಾಲಿ ಸೀಮೆಸುಣ್ಣಕ್ಕೆ ನೇರವಾಗಿಯೇ ಇತ್ತು. ದೀಪಾವಳಿಯ ಗಾಲಿಯೂ ನೇರವಾಗಿಯೇ ಇತ್ತು. ಅಣ್ಣ ಮತ್ತೆ ಚಾವಿ ಹಿಡಿದ.

ಅಷ್ಟರಲ್ಲಿ ತಂಗಿಯ ಎಲುಬು ಕೂಡಿತ್ತು. ಜಪಾನಿನ ಕೇರಿನ್ ರೇಸಿನ ವಿಡಿಯೋಗಳನ್ನು ನೋಡಿದ್ದ ಅವಳು ಫೋನಿನಲ್ಲಿ ಕೇಳಿದಳು: "ಅಣ್ಣಾ, ಅವ್ರು ಕಡ್ಡಿ ಕೂಡೋ ಕಡೆ ತಂತಿ ಸುತ್ತಿ ಬೆಸಗಿ ಹಾಕ್ತಾರಲ್ಲ, ಹಂಗ ಹಾಕು." 1948ರಲ್ಲಿ ಕೊಕುರಾ ಎಂಬ ಊರಿನಲ್ಲಿ ಶುರುವಾದ ಕೇರಿನ್ ಜಪಾನಿನಲ್ಲಿ ಬಾಜಿ ಕಟ್ಟುವ ಆಟ. ಒಬ್ಬನ ಸೈಕಲ್ಲು ಇನ್ನೊಬ್ಬನದಕ್ಕಿಂತ ಮೇಲಾಗಿ ಗೆಲ್ಲಬಾರದು ಎಂದು ಒಪ್ಪಿಗೆಯ ಮುದ್ರೆ ಬಿದ್ದ ಭಾಗಗಳನ್ನಷ್ಟೇ ಬಳಸಬೇಕು. ಬೇರೆ ಟ್ರ್ಯಾಕುಗಳಲ್ಲಿ ಕಾರ್ಬನ್ನಿನ ತಟ್ಟೆಗಾಲಿ ಬಂದ ಮೇಲೂ ಅಲ್ಲಿ ಉಕ್ಕಿನ ಫ್ರೇಮು, 36 ಕಡ್ಡಿಯ ಗಾಲಿ ಉಳಿದದ್ದು ಹೀಗೆ. ಸವಾರರು ತಮ್ಮ ಸೈಕಲ್ಲನ್ನು ತಾವೇ ಜೋಡಿಸಿ ತಪಾಸಣೆಗೆ ಒಪ್ಪಿಸುತ್ತಾರೆ. ತಂತಿ ಸುತ್ತಿ ಬೆಸೆದರೆ ಗಾಲಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಹಳೆಯದು. ಬ್ರ್ಯಾಂಟ್ ಅಳೆದು ನೋಡಿದಾಗ ಗಡಸುತನದಲ್ಲಿ ವ್ಯತ್ಯಾಸ ಸಿಗಲಿಲ್ಲ. ಕಡ್ಡಿ ಮುರಿದರೆ ಅದು ಆಚೀಚೆ ಬಡಿಯದಂತೆ ತಂತಿ ಹಿಡಿದುಕೊಳ್ಳುತ್ತದೆ, ಅಷ್ಟು ಉಪಯೋಗವುಂಟು.

"ಅದು ಬ್ಯಾಡ" ಎಂದ ಅಣ್ಣ. ಸ್ವಲ್ಪ ತಡೆದು, "ಹಳೇ ಗಾಲಿ ಸಡಲ ಮಾಡಿದ್ದು ನಾನ ತಂಗಿ. ದೀಪಾವಳಿಗೆ ಬೆಂಡ್ ತಗದ್ನಲ್ಲ, ಅವತ್ತು. ಅದಕ್ಕ ನೀ ಬಿದ್ದಿ" ಎಂದ.

ಆ ಕಡೆಯಿಂದ ಒಂದಿಷ್ಟು ಹೊತ್ತು ಮಾತಿರಲಿಲ್ಲ. ಹಿಂದೆ ಅವ್ವ ಯಾರನ್ನೋ ಕರೆಯುವುದು ಕೇಳಿಸುತ್ತಿತ್ತು. ಆಮೇಲೆ ತಂಗಿ ಕೇಳಿದಳು: "ಇದು ಬಿಗಿ ಐತಿ ಹೌದಿಲ್ಲೋ?"

"ಐತಿ."

"ಹಂಗಾರ ಕಳಸು."

ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಆವರಣದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಮರದ ಟ್ರ್ಯಾಕ್ ಇದೆ. ಸುತ್ತಳತೆ 250 ಮೀಟರ್. ಇಂಥ ಟ್ರ್ಯಾಕಿನ ತಿರುವುಗಳು 40 ಡಿಗ್ರಿಗಿಂತ ಹೆಚ್ಚು ವಾಲಿರುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಲ್ಲಿ ತಿರುಗುವಾಗ ಸವಾರನ ಭಾರ ಗಾಲಿಯ ಮೇಲೆ ಸುಮಾರು ಒಂದೂವರೆ ಪಟ್ಟಾಗಿ ಕೂರುತ್ತದೆ. ತಂಗಿ ಓಡಿದ ದಿನ ಅಣ್ಣ ಆಫೀಸಿಗೆ ಹೋಗಿದ್ದ. ಎದುರಿನ ಕಾಗದದ ಮೇಲಿನ ಅಂಕಿಗಳು ತಲೆಗೆ ಹೋಗಲಿಲ್ಲ. ಸಂಜೆ ಅವಳದೇ ಫೋನು ಬಂತು. ಪದಕವಿಲ್ಲ, ಫೈನಲ್ ಕೂಡ ಇಲ್ಲ. "ಸಪ್ಪಳ ಬರ್ಲಿಲ್ಲ ಅಣ್ಣಾ. ತಿರುವಿನ್ಯಾಗೂ ಬರ್ಲಿಲ್ಲ."

ಊರಿಗೆ ಮರಳುವ ದಾರಿಯಲ್ಲಿ ಅವಳು ಎರಡು ದಿನ ಪುಣೆಯಲ್ಲಿ ಇಳಿದಳು. ಕಾಕಾ ಗಾಲಿಯನ್ನು ಫೋರ್ಕಿಗೆ ಏರಿಸಿ ಸೀಮೆಸುಣ್ಣ ಹಿಡಿದರು. ಗೆರೆ ಒಂದು ಸುತ್ತಿನಲ್ಲಿ ಬೆರಳಗಲದಷ್ಟು ಬಿತ್ತು. ಅಣ್ಣ ಚಾವಿಗೆ ಕೈ ಚಾಚಿದ. ಕಾಕಾ ಅದನ್ನು ತಂಗಿಯ ಕೈಗೆ ಕೊಟ್ಟರು.

"ಯಾ ಕಡೆ ತಿರವಬೇಕ್ರಿ ಕಾಕಾ?"

"ಮೊದ್ಲ ಅದನ್ನ ಕಲಿ" ಎಂದು ಕಾಕಾ ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದರು. ಅದರೊಳಗೆ ಅವಳನ್ನು ಕೆಡವಿದ ಗಾಲಿ ಹಾಗೇ ಇತ್ತು. ತಂಗಿ ಅದನ್ನು ಹೊರಗೆಳೆದು, ಅಂಗಡಿಯ ಹೊಸ್ತಿಲ ಮೇಲೆ ಕೂತು, ಉಳಿದ 33 ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.