ಚೀಟಿ ಲೆಕ್ಕ ಮತ್ತು ಗಿಟ್-ಶೆಲ್ (ಭಾಗ 4)

ಓಕಳಿಪುರಂನ ನಮ್ಮನೇಲಿರೋ ಹಳೇ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಎರಡು ಸಂಸಾರ ಇದೆ. ಒಂದು ನಮ್ಮ ಬಿಕಾಂ ಗ್ಯಾಂಗಿನ ಪ್ರಾಜೆಕ್ಟ್, ಇನ್ನೊಂದು ಅಮ್ಮನ ಚೀಟಿ ಲೆಕ್ಕ. ಪ್ರಾಜೆಕ್ಟ್‌ಗೆ ನಾಲ್ಕು ಜನ ಬರ್ಬೇಕು. ಚೀಟಿ ಲೆಕ್ಕ ಯಾರೂ ನೋಡಬಾರ್ದು. ಯಾರು ಎಷ್ಟು ಕಂತು ಬಾಕಿ ಇಟ್ಟಿದ್ದಾರೆ ಅನ್ನೋದು ಬೀದಿಯವರ ಮಾನದ ವಿಷ್ಯ ಕಣ್ರೋ!

ಗಿಟ್ ಗೊತ್ತಲ್ವಾ? 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಫೈಲಲ್ಲಿ ಏನೇನು ಬದಲಾಯ್ತು ಅಂತ ನೆನಪಿಡುತ್ತೆ. ಅದರ ಜೊತೇಲೇ ಬರುತ್ತೆ ಗಿಟ್-ಶೆಲ್. ಫ್ರೆಂಡ್ಸಿಗೆ ಅಂತ ಬೇರೆ ಅಕೌಂಟ್ ತೆಗೆದು, ಅದರ ಲಾಗಿನ್ ಶೆಲ್ ಇದನ್ನೇ ಮಾಡಿದೆ. ಎಸ್‌ಎಸ್‌ಎಚ್‌ನಲ್ಲಿ ಬಂದವರಿಗೆ ಕ್ಲೋನ್, ಪುಲ್, ಪುಶ್ ನಡೆಯುತ್ತೆ. ಫೋಲ್ಡರ್ ತೋರ್ಸು ಅಂದ್ರೆ ಬಾಗಿಲು ಬಂದ್. ಬ್ಯಾಂಕ್ ಕೌಂಟರ್ ಕಿಂಡಿ ಥರ: ಚಲನ್ ಒಳಗೆ, ಪಾಸ್‌ಬುಕ್ ಹೊರಗೆ, ನೀವು ಇದ್ದಲ್ಲೇ.

ಆದ್ರೂ ಕಣ್ಮುಚ್ಚಿ ನಂಬಬೇಡಿ. 2017ರಲ್ಲಿ ಇದರಲ್ಲೇ ತೂತು ಸಿಕ್ಕಿತ್ತು: ಹೆಲ್ಪ್ ಕೇಳಿದ್ರೆ ತೆರೆಯೋ 'ಲೆಸ್' ಪೇಜರ್‌ನಿಂದ ಆಚೆ ನುಸುಳಬಹುದಿತ್ತು. ಆಮೇಲೆ ಮುಚ್ಚಿದ್ರು. ಹಾಗಾಗಿ ಗಿಟ್ ಅಪ್‌ಡೇಟ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ ಆಫ್ ಮಾಡಿ. ಅಮ್ಮನ ಫೋಲ್ಡರ್‌ಗೆ ಪರ್ಮಿಷನ್ ಬೀಗ ಬೇರೆ ಹಾಕಿದೀನಿ.

"ನಮ್ಮೇಲೆ ನಂಬಿಕೆ ಇಲ್ವೇನೇ?" ಅಂತ ಒಬ್ಳು ಮುನಿಸ್ಕೊಂಡ್ಲು. ಇದೆ ಕಣೇ. ಆದ್ರೆ ಆ ಲೆಕ್ಕ ನಂದಲ್ವಲ್ಲ.