ಷರೀಫರ ಧ್ವನಿಸುರುಳಿಯನ್ನು ಇನ್ನೊಮ್ಮೆ ಆಲಿಸಿ



ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದು ಉಳಿದಿದ್ದರೆ ಅದನ್ನೊಮ್ಮೆ ಕೆಳಗಿಳಿಸಿ ನೋಡಿ. ಶಿಶುನಾಳ ಷರೀಫರ ತತ್ವಪದಗಳಿಗೆ ಸಿ. ಅಶ್ವತ್ಥ್ ಅವರು ರಾಗ ಸಂಯೋಜಿಸಿ, ಶಿವಮೊಗ್ಗ ಸುಬ್ಬಣ್ಣನವರೊಂದಿಗೆ ಹಾಡಿದ ಧ್ವನಿಸುರುಳಿ ಅದರಲ್ಲಿರುವ ಸಂಭವವುಂಟು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರ ತೆರೆ ಕಾಣುವ ಮೊದಲೇ ಈ ಹಾಡುಗಳು ಜನರ ಬಾಯಲ್ಲಿದ್ದವು. ಇಂದು ಅವುಗಳನ್ನು ಬಿಡಿಬಿಡಿಯಾಗಿ ಎಲ್ಲರೂ ಬಲ್ಲರು. ಇಡಿಯಾಗಿ ಕುಳಿತು ಆಲಿಸುವವರು ವಿರಳ. ಹಾಗೆ ಆಲಿಸಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

ಷರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಮುಸ್ಲಿಂ ಕುಟುಂಬದಲ್ಲಿ ಜನಿಸಿದವರು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರು, 1889ರಲ್ಲಿ ಅಗಲಿದರು. ಅವರ ಪದಗಳು ಬಹುಕಾಲ ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಬದುಕಿದ್ದವು. ಅವುಗಳನ್ನು ನಾಡಿನ ಉಳಿದ ಭಾಗಕ್ಕೆ ತಲುಪಿಸುವಲ್ಲಿ ನಮ್ಮ ನೆರೆಯ ಶಿವಮೊಗ್ಗೆಯ ಪಾಲು ದೊಡ್ಡದು. ಪದಗಳನ್ನು ಸಂಪಾದಿಸಿ ಪರಿಚಯಿಸಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರು; ಆ ಕಾರಣಕ್ಕೇ ಅವರಿಗೆ ‘ಷರೀಫ ಭಟ್ಟ’ರೆಂಬ ಅಕ್ಕರೆಯ ಹೆಸರು ಬಂತು. ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದವರು. ಈ ಮೂವರೂ ಈಗ ನಮ್ಮೊಡನಿಲ್ಲ: ಅಶ್ವತ್ಥ್ 2009ರಲ್ಲಿ ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದೇ ತೀರಿಕೊಂಡರು, ಭಟ್ಟರು 2021ರಲ್ಲಿ, ಸುಬ್ಬಣ್ಣನವರು 2022ರಲ್ಲಿ.

ಇಡಿಯಾಗಿ ಏಕೆ ಆಲಿಸಬೇಕು? ‘ಕೋಡಗನ ಕೋಳಿ ನುಂಗಿತ್ತ’ ಒಂದನ್ನೇ ಕೇಳಿದರೆ ಅದು ಮಕ್ಕಳ ಮೋಜಿನ ಹಾಡು. ಒಂದನ್ನೊಂದು ನುಂಗುವ ಆಟ ಕೊನೆಗೆ ಗುರುಪಾದದಲ್ಲಿ ‘ನಾನು’ ಎಂಬುದೇ ಕರಗುವಲ್ಲಿಗೆ ಮುಟ್ಟುವುದನ್ನು ನಗುವಿನ ನಡುವೆ ಗಮನಿಸುವವರು ಕಡಮೆ. ಅದರ ಬೆನ್ನಿಗೆ ‘ಸೋರುತಿಹುದು ಮನೆಯ ಮಾಳಿಗಿ’ ಕೇಳಿ. ನಗು ತಾನಾಗಿಯೇ ತಗ್ಗುತ್ತದೆ. ಮಾಳಿಗೆ ಎಂದರೆ ಬಯಲುಸೀಮೆಯ ಮಣ್ಣಿನ ಮೇಲ್ಛಾವಣಿ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಚನ್ನಗಿರಿಯ ಕಡೆ ಹಂಚಿನ ಮನೆಗಳಿದ್ದರೂ, ಮುಂಗಾರಿಗೆ ಮುನ್ನ ಒಡೆದ ಹಂಚು ಬದಲಿಸದವನ ಪಾಡು ಎಲ್ಲೆಡೆ ಒಂದೇ. ಸೋರುತ್ತಿರುವುದು ತನ್ನ ಒಳಗಿನ ಮನೆಯೇ ಎಂದು ತಿಳಿದಾಗ ಏಣಿ ಹಾಕಿ ಹತ್ತುವವರು ಯಾರು? ಇನ್ನು ‘ತರವಲ್ಲ ತಗಿ ನಿನ್ನ ತಂಬೂರಿ’ ಒಳಶ್ರುತಿ ಇಲ್ಲದೆ ವಾದ್ಯ ಹಿಡಿದವನನ್ನು ಗದರುವ ಪದ. ಪ್ರತಿ ಭಾನುವಾರ ಪ್ರಬೋಧನೆ ಮಾಡಬೇಕಾದ ನನ್ನಂಥವನಿಗೆ ಶನಿವಾರ ರಾತ್ರಿ ಇದಕ್ಕಿಂತ ತಕ್ಕ ಔಷಧ ಇನ್ನೊಂದಿಲ್ಲ.

‘ಅಳಬೇಡ ತಂಗಿ’ಯ ವಿಷಯದಲ್ಲಿ ನಾನು ಕಂಡದ್ದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಚನ್ನಗಿರಿಯ ಸಮೀಪ ಒಂದು ಮದುವೆ. ಮಗಳನ್ನು ಗಂಡನ ಮನೆಗೆ ಕಳುಹಿಸುವ ಹೊತ್ತಿಗೆ ಧ್ವನಿವರ್ಧಕದಲ್ಲಿ ಆ ಹಾಡು ಹಾಕಿದರು. ನೆರೆದವರೆಲ್ಲ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕುಳಿತಿದ್ದ ವಧುವಿನ ಅಜ್ಜಿ ನನ್ನತ್ತ ಬಾಗಿ, “ಫಾದರ್, ಇದು ಮದುವೆ ಹಾಡಲ್ಲ, ಸಾವಿನ ಹಾಡು” ಎಂದರು. “ನಿಲ್ಲಿಸಲು ಹೇಳಲೇ ಅಮ್ಮ?” ಎಂದೆ. “ಬೇಡ ಬಿಡಿ, ಅವಳಿಗೆ ಇವತ್ತು ಮದುವೆ ಹಾಡಾಗಿಯೇ ಇರಲಿ” ಎಂದರು.

ಎರಡು ವರ್ಷಗಳ ನಂತರ ಆ ಅಜ್ಜಿ ತೀರಿಕೊಂಡರು. ರಾತ್ರಿ ಜಪಸರ ಮುಗಿದ ಮೇಲೆ ಅದೇ ಮೊಮ್ಮಗಳು ತನ್ನ ಫೋನಿನಲ್ಲಿ ಅದೇ ಹಾಡನ್ನು ಹಾಕಿ ಅಜ್ಜಿಯ ತಲೆದೆಸೆಯಲ್ಲಿಟ್ಟಳು. ಸುಬ್ಬಣ್ಣನವರ ನಿಧಾನದ, ಸ್ಪಷ್ಟವಾದ ದನಿ. ಹಿರಿಯರಲ್ಲಿ ಕೆಲವರಿಗೆ ಅದು ಸರಿ ಕಾಣಲಿಲ್ಲ. ಅಪ್ಪಣೆ ಕೇಳುವವರಂತೆ ನನ್ನನ್ನು ನೋಡಿದರು. ನಾನು ಏನೂ ಹೇಳದೆ ಹಾಡು ಮುಗಿಯುವವರೆಗೂ ನಿಂತಿದ್ದೆ. ತವರು ಬಿಟ್ಟು ಹೋಗುವ ಹೆಣ್ಣಿನ ನೆಪದಲ್ಲಿ ದೇಹ ಬಿಟ್ಟು ಹೋಗುವ ಜೀವವನ್ನು ಸಂತೈಸುವ ಆ ಪದಕ್ಕೆ ಅಂದು ವಿವರಣೆ ಬೇಕಿರಲಿಲ್ಲ.

ಈ ಧ್ವನಿಸುರುಳಿಯಲ್ಲಿ ಕೊರತೆಯೇ ಇಲ್ಲವೆಂದೇನೂ ಅಲ್ಲ. ಏಕತಾರಿಯೊಂದೇ ಸಾಕಿದ್ದ ಕಡೆ ವಾದ್ಯಗಳು ತುಸು ಹೆಚ್ಚಾಗಿವೆ ಎಂದು ನನಗನಿಸುತ್ತದೆ. ಭಜನಾ ಮೇಳದ ಧಾಟಿಗೆ ಒಗ್ಗಿದ ಕಿವಿಗೆ ಇದು ಪಟ್ಟಣದ ಸಂಗೀತವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ಅಶ್ವತ್ಥರ ಏರುದನಿ ನುಗ್ಗಿಬಂದಾಗ ಆ ತಕರಾರು ನನಗೆ ಮರೆತೇಹೋಗುತ್ತದೆ.

ಟೇಪ್ ರೆಕಾರ್ಡರ್ ಕೆಟ್ಟು ಮೂಲೆ ಸೇರಿದ್ದರೆ ಚಿಂತೆಯಿಲ್ಲ, ಹಾಡುಗಳೆಲ್ಲ ಫೋನಿನಲ್ಲೇ ದೊರೆಯುತ್ತವೆ. ಒಂದು ಸಂಜೆ ಟಿ.ವಿ. ಆರಿಸಿ, ಮನೆಮಂದಿಯೆಲ್ಲ ಕುಳಿತು ಆಲಿಸಿ. ಮಕ್ಕಳು ಕೋಡಗನ ಹಾಡಿಗೆ ನಕ್ಕರೆ ನಗಲಿ, ಅರ್ಥ ಹೇಳಲು ಆತುರಪಡಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ, ಯಾವ ಹಾಡನ್ನು ಇನ್ನೊಮ್ಮೆ ಹಾಕಬೇಕೆಂದು ಅವರನ್ನೇ ಕೇಳಿ.